ಅಕ್ವೇರಿಯಂಗೆ ಇನ್ನೊಂದು ಫಿಲ್ಟರ್ ತರಲು ಹೊರಟಿದ್ದರೆ ಮೊದಲು ಇದನ್ನು ಓದಿ

'ಯುವಿ ಇದೆ ಮೇಡಂ' (ಪಾಚಿ ಕೊಲ್ಲುವ ನೇರಳಾತೀತ ಬೆಳಕು) ಅನ್ನೋ ಮಾತು ನಂಬಿ ಕ್ಯಾನಿಸ್ಟರ್ ಫಿಲ್ಟರ್, ಅಂದರೆ ಟ್ಯಾಂಕಿನ ಹೊರಗಿಟ್ಟು ಪೈಪಿನಿಂದ ನೀರು ಹಾಯಿಸುವ ಡಬ್ಬ, ತಗೋಬೇಡಿ. ಬಿಲ್ ಇಲ್ಲದೆ ಅಂತೂ ತಗೋಲೇಬೇಡಿ. ನನ್ನ 4,800 ರೂಪಾಯಿ ಹೋಯಿತು. ದುಡ್ಡು ಹಾಳಾಗಲಿ, ಎರಡು ಒರಾಂಡಾ ಗೋಲ್ಡ್ ಫಿಶ್ ಸತ್ತವು. ಕೈಯಿಂದಲೇ ಊಟ ತಿನ್ನುತ್ತಿದ್ದ ಮೀನುಗಳು.

ನಮ್ಮದು ಮೂರಡಿ ಟ್ಯಾಂಕ್, ಎಲ್ಲ ಗೋಲ್ಡ್ ಫಿಶ್. ಅವು ಎಷ್ಟು ಗಲೀಜು ಮಾಡುತ್ತವೆ ಅಂತ ಸಾಕಿದವರಿಗೆ ಗೊತ್ತು. ಇದ್ದ ಸ್ಪಂಜ್ ಫಿಲ್ಟರ್ ಸಾಲುತ್ತಿರಲಿಲ್ಲ, ನೀರು ಬೇರೆ ಹಸಿರಾಗುತ್ತಿತ್ತು. ಅದರ ಜೊತೆಗೆ ಇನ್ನೊಂದು ಬೇಕು ಅಂತ ಬೆಂಗಳೂರಿನ ಒಂದು ಅಂಗಡಿಗೆ ಹೋದೆ. ಜೊತೆಗೆ ಅಂತಲೇ ಕೇಳಿದ್ದು! ಅಂಗಡಿಯವನು ಹೇಳಿದ್ದು: "ಇದು ಗಂಟೆಗೆ 1800 ಲೀಟರ್ ಮೇಡಂ. ಒಳಗೆ ಯುವಿ ಲ್ಯಾಂಪ್ ಇದೆ, ಪಾಚಿ ಪೂರ್ತಿ ಹೋಗತ್ತೆ. ಆ ಹಳೇ ಸ್ಪಂಜ್ ಕಿತ್ತು ಬಿಸಾಕಿ." ಬಿಲ್ ಕೇಳಿದರೆ, "ಜಿಎಸ್‌ಟಿ ಸೇರಿದ್ರೆ ಜಾಸ್ತಿ ಆಗತ್ತೆ. ವಾರಂಟಿಗೆ ನಾನಿದೀನಲ್ಲ."

ಆ ಸ್ಪಂಜ್ ತೆಗೆಸಿದ್ದೇ ಮೀನುಗಳಿಗೆ ಮುಳುವಾಯಿತು. ಮೀನಿನ ಗಲೀಜಿನಿಂದ ಬರುವ ವಿಷ ಅಮೋನಿಯಾವನ್ನು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಇರುವುದು ಆ ಕೊಳಕು ಸ್ಪಂಜಿನಲ್ಲೇ. ಹೊಸ ಫಿಲ್ಟರಿನಲ್ಲಿ ಅವು ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ದಿನಾ ಮೀನು ಮಾರುವವನಿಗೆ ಇದು ಗೊತ್ತಿಲ್ಲ ಅಂದರೆ ನಾನು ನಂಬಲ್ಲ. ಸ್ವಲ್ಪ ದಿನಕ್ಕೇ ಮೀನುಗಳು ಮೇಲೆ ಬಂದು ಬಾಯಿ ಬಿಡತೊಡಗಿದವು. ಅಮೋನಿಯಾ ಟೆಸ್ಟ್‌ನಲ್ಲಿ ಹಳದಿ ಇರಬೇಕಾದ ನೀರು ಹಸಿರಾಯಿತು, ಅಂದರೆ ಅಮೋನಿಯಾ ಏರಿತ್ತು.

ಫೋನ್ ಮಾಡಿದರೆ, "ಊಟ ಜಾಸ್ತಿ ಹಾಕಿದೀರ." ಇಲ್ಲ ಅಂದೆ. "ಹಾಗಾದ್ರೆ ಕಾವೇರಿ ನೀರಿನ ಕ್ಲೋರಿನ್." ಆಂಟಿ ಕ್ಲೋರಿನ್ ಹಾಕಿಯೇ ನೀರು ಬಿಡೋದು ಅಂದೆ. "ಗೋಲ್ಡ್ ಫಿಶ್ ಹಾಗೇ ಮೇಡಂ, ಸಾಯ್ತಾವೆ. ಬನ್ನಿ, ಬೇರೆ ಎರಡು ಕಮ್ಮಿ ರೇಟಿಗೆ ಕೊಡ್ತೀನಿ." ಮೈಯೆಲ್ಲ ಉರಿದುಹೋಯಿತು.

ನೀರಿನ ಹಸಿರೂ ಒಂಚೂರು ಕಮ್ಮಿ ಆಗಿರಲಿಲ್ಲ. ಪ್ಲಗ್ ಕಿತ್ತು ಫಿಲ್ಟರಿನ ತಲೆ ಬಿಚ್ಚಿದೆ. ನಿಜವಾದ ಯುವಿ ಅಂದರೆ ಸಾಮಾನ್ಯವಾಗಿ ಗಾಜಿನ ಕೊಳವೆಯೊಳಗೆ ಒಂದು ಲ್ಯಾಂಪ್ ಇರುತ್ತದೆ. 254 ನ್ಯಾನೋಮೀಟರ್ ಬೆಳಕು, ಬರಿಗಣ್ಣಲ್ಲಿ ನೋಡಲೇಬಾರದು. ಇಲ್ಲಿ ಇದ್ದದ್ದು ಎರಡು ನೀಲಿ ಎಲ್‌ಇಡಿ. ಮಕ್ಕಳ ಆಟದ ಕಾರಿನಲ್ಲಿ ಇರ್ತಾವಲ್ಲ, ಅಂಥವು. ಬೆಸುಗೆ ಹಾಕಿದ ಎರಡು ತಂತಿ, ಮೇಲೊಂದು ಪ್ಲಾಸ್ಟಿಕ್ ಮುಚ್ಚಳ, ಅಷ್ಟೇ. ಅದನ್ನು ಕೈಯಲ್ಲಿ ಹಿಡಿದುಕೊಂಡು ಸುಮ್ನೆ ಕೂತುಬಿಟ್ಟೆ. ಎರಡು ಎಲ್‌ಇಡಿ! ಮನೆಗೆ ಬಂದವರಿಗೆಲ್ಲ 'ಯುವಿ ಹಾಕಿಸಿದ್ದೀನಿ' ಅಂತ ತೋರಿಸಿದ್ದೆ. ಎಂಥ ಅವಮಾನ.

ಆಮೇಲೆ ಪೈಪನ್ನು 15 ಲೀಟರ್ ಬಕೆಟ್‌ಗೆ ಬಿಟ್ಟೆ. 1800 ಲೀಟರ್ ಅಂದರೆ ಅರ್ಧ ನಿಮಿಷಕ್ಕೆ ತುಂಬಬೇಕು. ಒಂದೂವರೆ ನಿಮಿಷ ದಾಟಿದರೂ ತುಂಬಲಿಲ್ಲ. ಸ್ಪಂಜು, ಪೈಪು, ಎತ್ತರ ಎಲ್ಲ ಸೇರಿ ಹರಿವು ಕಮ್ಮಿ ಆಗುತ್ತದೆ, ಒಪ್ಪುತ್ತೇನೆ. ಆದರೆ ಇಷ್ಟಾ?

ಫೋಟೋ ಕಳಿಸಿದೆ. ಉತ್ತರ ನೋಡಿ: "ಯುವಿ ಅಂದ್ರೆ ನೀಲಿ ಲೈಟೇ ಅಲ್ವಾ ಮೇಡಂ. ನೀವು ಬಿಚ್ಚಿಬಿಟ್ಟಿದೀರ, ಇನ್ನು ವಾಪಸ್ ಆಗಲ್ಲ." ಆಮೇಲೆ ಬ್ಲಾಕ್.

ಬಿಲ್ ಕೊಡದಿರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರವೇ ತಪ್ಪು. ಬಿಲ್‌ನಲ್ಲಿ ಬೇರೆ ಗಡುವು ಇಲ್ಲದಿದ್ದರೆ ದೋಷ ಇರುವ ವಸ್ತುವನ್ನು 30 ದಿನದೊಳಗೆ ವಾಪಸ್ ತಗೊಂಡು ಹಣ ಕೊಡಬೇಕು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಯುಪಿಐ ಪಾವತಿ, ಅವನ ಮೆಸೇಜು ಎಲ್ಲ ಇಟ್ಟುಕೊಂಡಿದ್ದೇನೆ.

ನೀವು ತಗೊಳ್ಳುವುದಾದರೆ ಅಂಗಡಿಯಲ್ಲೇ ಬಿಚ್ಚಿ ತೋರಿಸು ಅನ್ನಿ, ಬಕೆಟ್‌ನಲ್ಲಿ ಓಡಿಸಿ ನೋಡಿ. ತೋರಿಸಲ್ಲ ಅಂದರೆ ಎದ್ದು ಬನ್ನಿ. ಹಳೇ ಫಿಲ್ಟರ್ ಮಾತ್ರ ಯಾರು ಏನೇ ಹೇಳಲಿ ತೆಗೀಬೇಡಿ, ಎರಡೂ ಒಟ್ಟಿಗೆ ಓಡಲಿ. ದುಡ್ಡು ಕಮ್ಮಿ ಇದ್ದರೆ ಇನ್ನೊಂದು ದೊಡ್ಡ ಸ್ಪಂಜ್ ಫಿಲ್ಟರ್ ಸಾಕು, ಈ ಡಬ್ಬಕ್ಕಿಂತ ಎಷ್ಟೋ ವಾಸಿ. ತಂಗಿಯ ಫೋನಿನಲ್ಲಿ ಅವನ ಸ್ಟೇಟಸ್ ನೋಡಿದೆ. ಅದೇ ಫಿಲ್ಟರನ್ನು 'ಯುವಿ ಇದೆ' ಅಂತ ಇವತ್ತೂ ಹಾಕಿದ್ದಾನೆ.