ಫೋರ್ ವೀಲ್ ಡ್ರೈವ್ ಪಿಕಪ್‌ಗೆ ಯಾವ ಗೇರ್ ಆಯಿಲ್? ಬಳಸಿ ನೋಡಿದ ಮೇಲಿನ ಹೋಲಿಕೆ

ನಾಲ್ಕೂ ಚಕ್ರಗಳಿಗೆ ಎಳೆತ ಕೊಡುವ ಪಿಕಪ್‌ನಲ್ಲಿ ಎಂಜಿನ್ ಆಯಿಲ್ ಅಲ್ಲದೆ ಇನ್ನೂ ನಾಲ್ಕು ಕಡೆ ಆಯಿಲ್ ಇರುತ್ತದೆ: ಗೇರ್‌ಬಾಕ್ಸ್, ಎಳೆತವನ್ನು ಮುಂದಿನ ಮತ್ತು ಹಿಂದಿನ ಚಕ್ರಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸ್, ತಿರುವಿನಲ್ಲಿ ಎಡ ಬಲ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಮುಂದಿನ ಡಿಫರೆನ್ಷಿಯಲ್, ಹಿಂದಿನ ಡಿಫರೆನ್ಷಿಯಲ್. ಒಂದೇ ಬಗೆಯ ಆಯಿಲ್ ತಂದು ನಾಲ್ಕಕ್ಕೂ ತುಂಬಿಸಿದರೆ ಸಾಕು ಎಂಬ ಸಲಹೆ ಆಗಾಗ ಕೇಳಿಬರುತ್ತದೆ. ಮ್ಯಾನುಯಲ್ ಗೇರ್‌ಬಾಕ್ಸ್ ಇರುವ ನನ್ನ ಡೀಸೆಲ್ ಪಿಕಪ್‌ನಲ್ಲಿ ಬೇರೆ ಬೇರೆ ಆಯಿಲ್‌ಗಳನ್ನು ಬಳಸಿ ನೋಡಿದ ನಂತರ ಆ ಸಲಹೆಯನ್ನು ನಾನು ಒಪ್ಪಲಾರೆ.

ವ್ಯತ್ಯಾಸ ಅತಿ ಸ್ಪಷ್ಟವಾಗಿ ಕಂಡದ್ದು ಗೇರ್‌ಬಾಕ್ಸ್‌ನಲ್ಲಿ. ಟ್ರಕ್ ನನ್ನ ಕೈಗೆ ಬಂದಾಗ ಅದರಲ್ಲಿ ಜಿಎಲ್-5 ದರ್ಜೆಯ 80ಡಬ್ಲ್ಯು-90 ಇತ್ತು (ಜಿಎಲ್ ಎಂಬುದು ಗೇರ್ ಆಯಿಲ್ ಎಂಥ ಕೆಲಸಕ್ಕೆ ಎಂದು ಹೇಳುವ ದರ್ಜೆ; 80ಡಬ್ಲ್ಯು-90ರಲ್ಲಿ ಮೊದಲ ಸಂಖ್ಯೆ ಚಳಿಯಲ್ಲಿನ ದಪ್ಪವನ್ನು, ಎರಡನೆಯದು ಬಿಸಿಯಲ್ಲಿನ ದಪ್ಪವನ್ನು ಸೂಚಿಸುತ್ತದೆ). ಚಳಿಯ ಬೆಳಿಗ್ಗೆ ಗೇರ್ ಕಡ್ಡಿ ಬಿಗಿಯಾಗಿರುತ್ತಿತ್ತು. ಬಂಡಿ ಬಿಸಿಯಾದ ಮೇಲೂ ಮೂರರಿಂದ ಎರಡಕ್ಕೆ ಇಳಿಸುವಾಗ ಕರಕರ ಸದ್ದು ಬರುತ್ತಿತ್ತು. ಇವೆರಡೂ ಒಂದೇ ಕಾರಣದಿಂದ ಆಗುತ್ತಿವೆಯೇ ಎಂದು ತಿಳಿಯಲು ದಪ್ಪವನ್ನು ಹಾಗೆಯೇ ಇಟ್ಟು ದರ್ಜೆಯನ್ನು ಮಾತ್ರ ಬದಲಾಯಿಸಿ, ಜಿಎಲ್-4ರ 80ಡಬ್ಲ್ಯು-90 ಹಾಕಿದೆ. ಕರಕರ ಬಹುಮಟ್ಟಿಗೆ ನಿಂತಿತು, ಬೆಳಗಿನ ಬಿಗಿತ ಮಾತ್ರ ಉಳಿಯಿತು. ಆಮೇಲೆ ಜಿಎಲ್-4ರಲ್ಲೇ ಸಿಂಥೆಟಿಕ್ 75ಡಬ್ಲ್ಯು-90 ತುಂಬಿಸಿದಾಗ ಆ ಬಿಗಿತವೂ ಹೋಯಿತು. ಗೇರ್ ಸದ್ದಿಲ್ಲದೆ ಬೀಳುವಂತೆ ಮಾಡುವ ಸಿಂಕ್ರೊ ರಿಂಗ್ ತನ್ನ ಕೆಲಸ ಮಾಡಬೇಕಾದರೆ ಗೇರ್‌ನ ಶಂಕುವನ್ನು ಉಜ್ಜಿ ಹಿಡಿದು ಅದರ ವೇಗವನ್ನು ಸರಿದೂಗಿಸಬೇಕು. ಆಯಿಲ್ ಅತಿಯಾಗಿ ಜಾರಿದರೆ ಆ ಹಿಡಿತ ತಪ್ಪುತ್ತದೆ. ಜಿಎಲ್-5ರಲ್ಲಿ ತೀವ್ರ ಒತ್ತಡ ತಡೆಯುವ ಗಂಧಕ ಮತ್ತು ರಂಜಕದ ಸಂಯುಕ್ತಗಳು ಜಿಎಲ್-4ರಲ್ಲಿರುವುದಕ್ಕಿಂತ ಸುಮಾರು ಇಮ್ಮಡಿ ಇರುತ್ತವೆ. ಅವುಗಳಲ್ಲಿ ಕೆಲವು ಬಿಸಿಯಲ್ಲಿ ಹಿತ್ತಾಳೆಯ ರಿಂಗ್‌ಗಳನ್ನು ಸವೆಸಲೂ ಬಲ್ಲವು. ಆದ್ದರಿಂದ ಕೈಪಿಡಿ ಜಿಎಲ್-4 ಎಂದಿದ್ದರೆ, 5 ದೊಡ್ಡ ಸಂಖ್ಯೆ ಎಂಬ ಕಾರಣಕ್ಕೆ ಅದನ್ನು ಮೇಲ್ದರ್ಜೆಯೆಂದು ಭಾವಿಸಬಾರದು.

ಡಿಫರೆನ್ಷಿಯಲ್‌ನಲ್ಲಿ ಇದಕ್ಕೆ ತದ್ವಿರುದ್ಧ. ಅಲ್ಲಿನ ಹೈಪಾಯ್ಡ್ ಎಂಬ ಬಾಗಿದ ಹಲ್ಲುಗಳು ಉರುಳುವುದರ ಜೊತೆಗೆ ಒಂದರ ಮೇಲೊಂದು ಭಾರಿ ಒತ್ತಡದಲ್ಲಿ ಜಾರುತ್ತವೆ. ಜಿಎಲ್-5 ಇಲ್ಲದೆ ಅವು ಉಳಿಯವು. ಹಾಗಾಗಿ ಇಲ್ಲಿನ ಆಯ್ಕೆ ದರ್ಜೆಯದಲ್ಲ, ಎಣ್ಣೆಯ ಜಾತಿ ಮತ್ತು ದಪ್ಪದ್ದು. ಹಿಂದಿನ ಡಿಫರೆನ್ಷಿಯಲ್‌ನಲ್ಲಿ ನಾನು ಮಿನರಲ್ (ಕಚ್ಚಾತೈಲದಿಂದ ಶುದ್ಧೀಕರಿಸಿದ) 80ಡಬ್ಲ್ಯು-90, ಸಿಂಥೆಟಿಕ್ 75ಡಬ್ಲ್ಯು-90 ಮತ್ತು ಸಿಂಥೆಟಿಕ್ 75ಡಬ್ಲ್ಯು-140 ಮೂರನ್ನೂ ಬಳಸಿದ್ದೇನೆ. ಟ್ರೇಲರ್ ಎಳೆದು ಘಟ್ಟ ಹತ್ತಿದ ಕಾಲದಲ್ಲಿ ಮಿನರಲ್ ಆಯಿಲ್ ಬೇಗ ಕಪ್ಪಾಯಿತು. ಹೊರಬಂದಾಗ ಸುಟ್ಟ ವಾಸನೆಯೂ ಇತ್ತು. ಅದೇ ಕೆಲಸದಲ್ಲಿ ಸಿಂಥೆಟಿಕ್ 75ಡಬ್ಲ್ಯು-90 ಬಣ್ಣವನ್ನೂ ವಾಸನೆಯನ್ನೂ ಹೆಚ್ಚು ಕಾಲ ಉಳಿಸಿಕೊಂಡಿತು. 140ರದ್ದು ಭಾರ ಎಳೆಯುವಾಗ ಹಲ್ಲಿನ ಗುಂಯ್‌ಗುಟ್ಟುವಿಕೆಯನ್ನು ತುಸು ತಗ್ಗಿಸಿತು, ಆದರೆ ಖಾಲಿ ಓಡಾಟದಲ್ಲಿ ಟ್ರಕ್ ಹೊರಟ ಮೊದಲ ಹೊತ್ತು ಎಳೆದಂತೆ ಭಾಸವಾಗುತ್ತಿತ್ತು. ಅದಕ್ಕೆ ಕಾರಣವೂ ಇದೆ: 100 ಡಿಗ್ರಿ ಸೆಲ್ಸಿಯಸ್‌ನಲ್ಲಿ 90ರ ಆಯಿಲ್‌ನ ಸ್ನಿಗ್ಧತೆ, ಅಂದರೆ ದಪ್ಪ, 13.5ರಿಂದ 18.5 ಸೆಂಟಿಸ್ಟೋಕ್ಸ್‌ನೊಳಗಿದ್ದರೆ, 140ರದ್ದು 24ರಿಂದಲೇ ಆರಂಭವಾಗುತ್ತದೆ. ಸದಾ ಭಾರ ಹೊರುವ ಬಂಡಿಗಷ್ಟೇ, ಅದೂ ತಯಾರಕರು ಒಪ್ಪಿದ್ದರೆ, 140 ತಕ್ಕದ್ದು. ಉಳಿದವರಿಗೆ ಸಿಂಥೆಟಿಕ್ 75ಡಬ್ಲ್ಯು-90 ಎಂಬುದೇ ನನ್ನ ತೀರ್ಮಾನ. ಒಂದೇ ಚಕ್ರ ಸುಮ್ಮನೆ ಜಾರಿ ತಿರುಗುವುದನ್ನು ತಡೆಯುವ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಇದ್ದರೆ ಅದಕ್ಕೆಂದೇ ಮಾಡಿದ ಆಯಿಲ್ ಅಥವಾ ಆಯಿಲ್‌ಗೆ ಬೆರೆಸುವ ಫ್ರಿಕ್ಷನ್ ಮಾಡಿಫೈಯರ್ ಬೇಕು, ಇಲ್ಲವಾದರೆ ತಿರುವುಗಳಲ್ಲಿ ಅದರ ಕ್ಲಚ್ ಪ್ಲೇಟ್‌ಗಳು ಅದುರುತ್ತವೆ.

ಮುಂದಿನ ಡಿಫರೆನ್ಷಿಯಲ್ ನನ್ನ ಟ್ರಕ್‌ನಲ್ಲಿ ಫೋರ್ ವೀಲ್ ಹಾಕಿದಾಗ ಮಾತ್ರ ಭಾರ ಹೊರುವುದರಿಂದ ಅಲ್ಲಿ ಒಳ್ಳೆಯ ಮಿನರಲ್ ಜಿಎಲ್-5 ಸಾಕೆನಿಸಿದೆ. ಟ್ರಾನ್ಸ್‌ಫರ್ ಕೇಸ್‌ನಲ್ಲಿ ಹೋಲಿಕೆಗೆ ಅವಕಾಶವೇ ಇಲ್ಲ: ಕೆಲವಕ್ಕೆ ಗೇರ್ ಆಯಿಲ್, ಹಲವಕ್ಕೆ ಆಟೊಮ್ಯಾಟಿಕ್ ಗೇರ್‌ಬಾಕ್ಸ್‌ಗೆ ಬಳಸುವ ತೆಳು ಎಟಿಎಫ್ ಬೇಕಾಗುತ್ತದೆ, ಕೈಪಿಡಿ ಹೇಳಿದ್ದನ್ನೇ ಹಾಕಬೇಕು.

ಬದಲಾಯಿಸುವಾಗ ಡ್ರೈನ್ ಪ್ಲಗ್‌ಗಿಂತ ಮೊದಲು ಫಿಲ್ಲರ್ ಪ್ಲಗ್ ಬಿಚ್ಚಲೇಬೇಕು. ಹಳೆಯದನ್ನೆಲ್ಲ ಇಳಿಸಿದ ಮೇಲೆ ಫಿಲ್ಲರ್ ತುಕ್ಕು ಹಿಡಿದು ಕಚ್ಚಿಕೊಂಡಿದೆ ಎಂದು ಗೊತ್ತಾದರೆ, ಒಣಗಿದ ಡಿಫರೆನ್ಷಿಯಲ್‌ನೊಂದಿಗೆ ಟ್ರಕ್ ನಿಂತಲ್ಲೇ ನಿಲ್ಲುತ್ತದೆ. ಸ್ವಲ್ಪ ಓಡಿಸಿ ಬಿಸಿಮಾಡಿ, ಸಮತಟ್ಟಾದ ನೆಲದ ಮೇಲೆ ನಿಲ್ಲಿಸಿದರೆ ಹಳೆಯ ಆಯಿಲ್ ಪೂರ್ತಿ ಇಳಿಯುತ್ತದೆ. ಆಯಸ್ಕಾಂತವಿರುವ ಪ್ಲಗ್‌ಗೆ ಬೂದುಬಣ್ಣದ ನುಣ್ಣನೆಯ ಕೆಸರು ಮೆತ್ತಿಕೊಂಡಿದ್ದರೆ ಅದು ಸಹಜ ಸವೆತ; ಕೈಗೆ ಚುಚ್ಚುವ ಚೂರುಗಳಿದ್ದರೆ ಹಲ್ಲನ್ನೋ ಬೇರಿಂಗನ್ನೋ ಪರೀಕ್ಷಿಸಬೇಕು. ವಾಷರ್ ಹೊಸದನ್ನೇ ಹಾಕಿ, ಡಿಫರೆನ್ಷಿಯಲ್‌ನಲ್ಲಿ ಸಾಮಾನ್ಯವಾಗಿ ಫಿಲ್ಲರ್ ರಂಧ್ರದ ಕೆಳ ಅಂಚಿನವರೆಗೆ ತುಂಬಿಸಬೇಕು.

ಹೊಳೆ ದಾಟುವವರು ಕಿಲೋಮೀಟರ್ ಲೆಕ್ಕವನ್ನಷ್ಟೇ ನಂಬಬಾರದು. ಬಿಸಿಯಾದ ಡಿಫರೆನ್ಷಿಯಲ್ ನೀರಿಗಿಳಿದು ತಟ್ಟನೆ ತಣ್ಣಗಾದಾಗ ಒಳಗಿನ ಗಾಳಿ ಕುಗ್ಗುತ್ತದೆ. ಗಾಳಿ ಆಡಲೆಂದು ಇರುವ ಸಣ್ಣ ರಂಧ್ರವಾದ ಬ್ರೀದರ್ ಕಟ್ಟಿಕೊಂಡಿದ್ದರೆ ಸೀಲ್‌ಗಳ ಸಂದಿನಿಂದ ನೀರು ಒಳಗೆ ಸೇರುತ್ತದೆ. ಹೊರಬಂದ ಆಯಿಲ್ ಹಾಲು ಬೆರೆಸಿದಂತೆ ಕಂಡರೆ, ಅದು ಎಷ್ಟೇ ಹೊಸದಾಗಿದ್ದರೂ ಕೂಡಲೇ ಬದಲಾಯಿಸಿ, ಬ್ರೀದರ್ ಬಿಚ್ಚಿ ಸ್ವಚ್ಛಗೊಳಿಸಿದ ಮೇಲೆಯೇ ಟ್ರಕ್ ಅನ್ನು ಮತ್ತೆ ನೀರಿಗಿಳಿಸಬೇಕು.