ಕೋನ ಅಳೆಯದೆ ಡ್ರೈವ್‌ಶಾಫ್ಟ್ ಹಾಕಿಸಬೇಡಿ: ನನ್ನ ಮಸ್ಟಾಂಗ್ ಕಥೆ

ಫೋರ್ಡ್ ಮಸ್ಟಾಂಗ್ ಕಾರು ಇಟ್ಟುಕೊಂಡಿರುವ ಮೂರ್ನಾಲ್ಕು ಗೆಳೆಯರು ಈಚೆಗೆ ಒಂದೇ ಪ್ರಶ್ನೆ ಕೇಳಿದರು. ಗೇರ್‌ಬಾಕ್ಸಿನ ಶಕ್ತಿಯನ್ನು ಹಿಂದಿನ ಆಕ್ಸಲ್‌ಗೆ ಒಯ್ಯುವ ಎರಡು ತುಂಡಿನ ಡ್ರೈವ್‌ಶಾಫ್ಟ್ ತೆಗೆದು ಒಂದೇ ತುಂಡಿನ ಅಲ್ಯೂಮಿನಿಯಂ ಶಾಫ್ಟ್ ಹಾಕಿಸಲಾ ಅಂತ. ಹಾಕಿಸಿ, ಬೇಡ ಅನ್ನಲ್ಲ. ಆದರೆ ಶಾಫ್ಟ್ ಕೂರುವ ಕೋನ ಅಳೆಯದ ಗ್ಯಾರೇಜಿಗೆ ಕಾರು ಬಿಡಬೇಡಿ. ನಾನು ಬಿಟ್ಟೆ. ನಾಲ್ಕು ತಿಂಗಳು ಒದ್ದಾಡಿದೆ.

ನನ್ನದು 2013ರ ಜಿಟಿ. 5 ಲೀಟರ್ ವಿ8, 420 ಹಾರ್ಸ್‌ಪವರ್, ಆರು ಗೇರಿನ ಮ್ಯಾನುಯಲ್, ಹಿಂದಿನ ಆಕ್ಸಲ್ಲಿನ ಅನುಪಾತ 3.73, ಅಂದರೆ ಚಕ್ರದ ಒಂದು ಸುತ್ತಿಗೆ ಶಾಫ್ಟ್ 3.73 ಸುತ್ತು. ನಾವಿರುವುದು ಡಲ್ಲಾಸ್ ಪಕ್ಕದ ಪ್ಲೇನೋದಲ್ಲಿ. ಕಾರು ಸೆಕೆಂಡ್ ಹ್ಯಾಂಡ್. ಹಿಂದಿನ ಮಾಲೀಕ ಬೇರೆ ಸ್ಪ್ರಿಂಗ್ ಹಾಕಿಸಿ ಕಾರನ್ನು ಒಂದೂವರೆ ಇಂಚು ಕೆಳಗಿಳಿಸಿದ್ದ. ನೋಡೋಕೆ ಚೆನ್ನಾಗಿತ್ತು ಅಂತ ನಾನೂ ಹಾಗೇ ಬಿಟ್ಟಿದ್ದೆ. ಕೊನೆಗೆ ಎಲ್ಲ ತೊಂದರೆ ಅಲ್ಲಿಂದಲೇ ಬಂದಿತ್ತು.

ಕಂಪನಿಯವರು ಎರಡು ತುಂಡು ಹಾಕುವುದಕ್ಕೆ ಕಾರಣ ಇದೆ. ಉದ್ದದ ಕೊಳವೆ ಜೋರಾಗಿ ತಿರುಗಿದರೆ ಸ್ಕಿಪ್ಪಿಂಗ್ ಹಗ್ಗದ ಹಾಗೆ ನಡುವೆ ಬಳುಕುತ್ತದೆ. ಉದ್ದ ಎರಡರಷ್ಟಾದರೆ, ಅದು ತಾಳುವ ವೇಗ ಕಾಲು ಭಾಗಕ್ಕೆ ಇಳಿಯುತ್ತದೆ. ಅದಕ್ಕೇ ನಡುವೆ ಕತ್ತರಿಸಿ, ರಬ್ಬರಿನಲ್ಲಿ ಕೂರಿಸಿದ ಸೆಂಟರ್ ಬೇರಿಂಗ್ ಕೊಡುತ್ತಾರೆ. ಸದ್ದೂ ಕಡಿಮೆ. ಒಂದೇ ತುಂಡು ಮಾಡಬೇಕಾದರೆ ಹಗುರವಾದ, ದಪ್ಪ ಕೊಳವೆ ಬೇಕು. ಫೋರ್ಡ್‌ನವರೇ ಅದೇ ವರ್ಷದ 662 ಹಾರ್ಸ್‌ಪವರಿನ ಶೆಲ್ಬಿ ಜಿಟಿ500ಗೆ ಕಾರ್ಬನ್ ಫೈಬರಿನ ಒಂದೇ ತುಂಡಿನ ಶಾಫ್ಟ್ ಕೊಟ್ಟಿದ್ದರು. ನನ್ನ ತಲೆ ಕೆಟ್ಟಿದ್ದು ಅದನ್ನು ನೋಡಿಯೇ.

ಗ್ಯಾರೇಜಿನವನು ಹೇಳಿದ್ದು ಇಷ್ಟೇ: "ಬೋಲ್ಟ್ ಬಿಚ್ಚೋದು, ಬೋಲ್ಟ್ ಹಾಕೋದು. ಒಂದೂವರೆ ಗಂಟೆ ಕೆಲಸ. ಪಿಕಪ್ ನೋಡಿ ಆಮೇಲೆ!" ಶಾಫ್ಟಿಗೆ 750 ಡಾಲರ್, ಕೂಲಿ 200. ಹಾಕಿಸಿದ ದಿನ ಕಾರು ಹಾರಿದ ಹಾಗೇ ಅನ್ನಿಸಿತು. ದುಡ್ಡು ಕೊಟ್ಟ ಮೇಲೆ ಹಾಗೆ ಅನ್ನಿಸಲೇಬೇಕಲ್ವಾ. ಆಮೇಲೆ ಲೆಕ್ಕ ಹಾಕಿದೆ. 3,600 ಪೌಂಡಿನ ಕಾರಿನಲ್ಲಿ ಕಡಿಮೆಯಾದದ್ದು ಹತ್ತಿರ 20 ಪೌಂಡ್. ಚಕ್ರಕ್ಕೆ ಹೋಲಿಸಿದರೆ ಶಾಫ್ಟ್ ಸಣ್ಣ ಸುತ್ತಳತೆಯದು, ಹಾಗಾಗಿ ತಿರುಗುವ ತೂಕ ಇಳಿದದ್ದರಿಂದ ಸಿಗುವ ಲಾಭವೂ ಪುಡಿಗಾಸು. ಡಿಕ್ಕಿಯಲ್ಲಿ ಮರೆತಿದ್ದ ಸೋನಾ ಮಸೂರಿ ಚೀಲ ಇಳಿಸಿದ್ದರೂ ಹೆಚ್ಚುಕಡಿಮೆ ಅಷ್ಟೇ ಆಗುತ್ತಿತ್ತು.

ಊರೊಳಗೆ ಏನೂ ಗೊತ್ತಾಗಲಿಲ್ಲ. ಎರಡು ವಾರ ಬಿಟ್ಟು ಸ್ಯಾನ್ ಆಂಟೋನಿಯೋದಲ್ಲಿರುವ ಅಕ್ಕನ ಮನೆಗೆ ಹೊರಟೆವು. ಆಸ್ಟಿನ್ ಟ್ರಾಫಿಕ್ ಬೇಡ ಅಂತ 130ನೇ ಟೋಲ್ ರಸ್ತೆ ಹಿಡಿದೆ. ಅಲ್ಲಿ ಗಂಟೆಗೆ 85 ಮೈಲಿ ಮಿತಿ, ಅಮೆರಿಕದಲ್ಲೇ ಜಾಸ್ತಿ. ಅದು ಶುರುವಾಗುವ ಹತ್ತಿರದ ಊರಿನ ಹೆಸರು ಮಸ್ಟಾಂಗ್ ರಿಡ್ಜ್, ನಗಬೇಡಿ. 65 ದಾಟುವಾಗ ಗುಂಯ್ ಅಂತ ಶುರುವಾದ ಸದ್ದು 80ಕ್ಕೆ ಬರುವಷ್ಟರಲ್ಲಿ ಸೀಟಿನ ಕೆಳಗೆ ಹಿಟ್ಟಿನ ಗಿರಣಿ ಇಟ್ಟ ಹಾಗಾಯಿತು. ಕಪ್ಪಿನಲ್ಲಿದ್ದ ಕಾಫಿಯ ಮೇಲೆ ಸಣ್ಣ ಅಲೆ. "ರೀ, ಇದು ಮೊದಲು ಹೀಗಿರಲಿಲ್ಲ" ಅಂದಳು ಹೆಂಡತಿ. 85ರಲ್ಲಿ, ಆರನೇ ಗೇರಿನಲ್ಲಿ, ಎಂಜಿನ್ ಸುತ್ತಿನ ಮೀಟರ್ 2,600 ತೋರಿಸುತ್ತಿತ್ತು. ಆದರೆ ಆ ಗೇರಿನ ಅನುಪಾತ 0.65, ಎಂಜಿನ್ 0.65 ಸುತ್ತಿದರೆ ಶಾಫ್ಟ್ ಒಂದು ಸುತ್ತು. ಅಂದರೆ ಕೆಳಗೆ ಶಾಫ್ಟ್ ನಿಮಿಷಕ್ಕೆ ಹತ್ತಿರ 4,000 ಸುತ್ತು ತಿರುಗುತ್ತಿತ್ತು.

ವಾಪಸ್ ಬಂದು ಅದೇ ಗ್ಯಾರೇಜಿಗೆ ಹೋದೆ. ಟೈರ್ ಬ್ಯಾಲೆನ್ಸ್ ಸರಿಯಿಲ್ಲ ಅಂದ. ಮಾಡಿಸಿದೆ, 80 ಡಾಲರ್. ಸದ್ದು ಹೋಗಲಿಲ್ಲ. ಮತ್ತೊಮ್ಮೆ ಬ್ಯಾಲೆನ್ಸ್, ಮತ್ತೆ 80. ಆಮೇಲೆ ಶಾಫ್ಟನ್ನು ಬಿಚ್ಚಿ ಅರ್ಧ ಸುತ್ತು ತಿರುಗಿಸಿ ಹಾಕಿದ. ಕೊನೆಗೆ "ಸ್ಪೋರ್ಟ್ಸ್ ಕಾರು ಅಂದ್ರೆ ಸ್ವಲ್ಪ ಸದ್ದು ಇರುತ್ತೆ" ಅಂದುಬಿಟ್ಟ.

ಆಗ ಎಂಜಿನಿಯರ್ ಬುದ್ಧಿ ಓಡಿತು, ತಡವಾಗಿ. ಖಾಲಿ ರಸ್ತೆಯಲ್ಲಿ 70ರಲ್ಲಿ ಆರನೇ ಗೇರಿನಿಂದ ಐದಕ್ಕೆ ಹಾಕಿದೆ. ಎಂಜಿನ್ ಸುತ್ತು ಏರಿತು, ಗುಂಯ್ ಮಾತ್ರ ಹಾಗೇ ಇತ್ತು. ಅಂದರೆ ತೊಂದರೆ ಗೇರ್‌ಬಾಕ್ಸಿನಿಂದ ಹಿಂದೆ. ನನ್ನ ಟೈರಿಗೆ 70 ಮೈಲಿಯಲ್ಲಿ ಚಕ್ರ ಸೆಕೆಂಡಿಗೆ ಹದಿನಾಲ್ಕೂವರೆ ಸುತ್ತು, ಶಾಫ್ಟ್ 54 ಸುತ್ತು. ಹೆಂಡತಿ ಫೋನಿನಲ್ಲಿ ಸದ್ದಿನ ಫ್ರೀಕ್ವೆನ್ಸಿ ತೋರಿಸುವ ಆ್ಯಪ್ ಹಿಡಿದು ಕೂತಳು. ಉಬ್ಬು ಬಂದದ್ದು ಸೆಕೆಂಡಿಗೆ 108ರ ಹತ್ತಿರ, ಶಾಫ್ಟಿನ ಎರಡರಷ್ಟು. ಟೈರ್ ಆಗಿದ್ದರೆ ತುಂಬಾ ಕೆಳಗೆ ಬರಬೇಕಿತ್ತು. ಶಾಫ್ಟಿನ ಬ್ಯಾಲೆನ್ಸ್ ಆಗಿದ್ದರೆ 54ರಲ್ಲಿ. ಎರಡರಷ್ಟು ಬಂದರೆ ಮೊದಲು ಅನುಮಾನಿಸಬೇಕಾದದ್ದು ಶಾಫ್ಟಿನ ತುದಿಯಲ್ಲಿದ್ದು ಓರೆಯಾಗಿಯೂ ತಿರುಗಬಲ್ಲ ಯು-ಜಾಯಿಂಟಿನ ಕೋನವನ್ನು.

ನಮ್ಮೂರ ಲಾರಿ ಗ್ಯಾರೇಜುಗಳಲ್ಲಿ ಜಾಯಿಂಟ್ ಕ್ರಾಸ್ ಅಂತಾರಲ್ಲ, ಅದೇ ಇದು. ಓರೆಯಾಗಿ ತಿರುಗುವಾಗ ಅದು ಒಂದು ಸುತ್ತಿಗೆ ಎರಡು ಸಲ ಶಾಫ್ಟನ್ನು ಬೇಗ ಮಾಡುತ್ತದೆ, ಎರಡು ಸಲ ನಿಧಾನ ಮಾಡುತ್ತದೆ. ನನ್ನ ಹೊಸ ಶಾಫ್ಟಿಗೆ ಎರಡೂ ತುದಿಯಲ್ಲಿ ಇಂಥದ್ದೇ ಜಾಯಿಂಟ್. ಎರಡರ ಕೋನವೂ ಒಂದೇ ಆಗಿದ್ದರೆ ಒಂದರ ಏರಿಳಿತವನ್ನು ಇನ್ನೊಂದು ಅಳಿಸುತ್ತದೆ. ಇಲ್ಲದಿದ್ದರೆ ಗಿರಣಿ.

ಬರೀ ಶಾಫ್ಟ್ ಕೆಲಸವನ್ನೇ ಮಾಡುವ ಒಂದು ಹಳೇ ವರ್ಕ್‌ಶಾಪಿಗೆ ಹೋದೆ. ಅಲ್ಲಿನ ಅಜ್ಜ ಮೊದಲು ಕೇಳಿದ್ದೇ "ಕಾರು ಕೆಳಗಿಳಿಸಿದ್ದಾರಾ?" ಅಂತ. ಚಕ್ರಗಳ ಮೇಲೆ ಭಾರ ಇರುವ ಹಾಗೇ ಕಾರನ್ನು ಎತ್ತಿ ಗೇರ್‌ಬಾಕ್ಸ್, ಶಾಫ್ಟ್, ಪಿನಿಯನ್ (ಶಾಫ್ಟ್ ಬಂದು ಸೇರುವ ಆಕ್ಸಲ್ಲಿನ ಗೇರು) ಮೂರಕ್ಕೂ ಕೋನ ಅಳೆಯುವ ಮೀಟರ್ ಇಟ್ಟ. ಎರಡು ಜಾಯಿಂಟ್‌ಗಳ ನಡುವೆ 4 ಡಿಗ್ರಿ ವ್ಯತ್ಯಾಸ, ಕಾರು ಕೆಳಗಿಳಿಸಿದಾಗ ಪಿನಿಯನ್ ಕೋನ ಬದಲಾಗಿದ್ದರಿಂದ. ಇರಬೇಕಾದದ್ದು ಒಂದರೊಳಗೆ. ಪಿನಿಯನ್ ಸೀಲಿನಿಂದ ಎಣ್ಣೆ ಜಿನುಗಲು ಶುರುವಾಗಿತ್ತು. ಹಳೇ ಬೋಲ್ಟ್‌ಗಳನ್ನೇ, ಸಡಿಲವಾಗದಂತೆ ಹಾಕುವ ಅಂಟು ಹಾಕದೆ ಬಿಗಿದಿದ್ದರು, ಅದರಲ್ಲೊಂದು ಬರಿಗೈಯಲ್ಲೇ ತಿರುಗಿತು. ಇದನ್ನು ನೋಡಿದಾಗ ಮಾತ್ರ ನಿಜವಾಗಿ ಹೆದರಿದೆ. ಆ ವೇಗದಲ್ಲಿ ಶಾಫ್ಟಿನ ಮುಂದಿನ ತುದಿ ಕಳಚಿ ರಸ್ತೆಗೆ ಚುಚ್ಚಿಕೊಂಡರೆ ಏನಾಗುತ್ತೆ ಅಂತ ನೀವೇ ಯೋಚಿಸಿ. ಅದಕ್ಕೇ ಅಂತಲೇ ಸೇಫ್ಟಿ ಲೂಪ್ ಬರುತ್ತೆ, ಕಳಚಿದ ಶಾಫ್ಟ್ ಕೆಳಗೆ ಬೀಳದಂತೆ ಹಿಡಿಯುವ ಬಳೆ. ನನಗೆ ಅದರ ಹೆಸರನ್ನೂ ಯಾರೂ ಹೇಳಿರಲಿಲ್ಲ.

ಈ ಕಾರಿಗೆ ಹಿಂದೆ ಇಡೀ ಆಕ್ಸಲ್ ಒಂದೇ ಗಟ್ಟಿ ತುಂಡು, ಹಾಗಾಗಿ ಅದನ್ನು ಕಾರಿಗೆ ಹಿಡಿದಿಡುವ ಮೇಲಿನ ಕಂಟ್ರೋಲ್ ಆರ್ಮ್ ಉದ್ದ ಬದಲಿಸಿದರೆ ಪಿನಿಯನ್ ಮೂಗು ಏಳುತ್ತದೆ, ಇಳಿಯುತ್ತದೆ. ಅಡ್ಜಸ್ಟ್ ಆಗುವ ಆರ್ಮ್, ಹೊಸ ಬೋಲ್ಟ್, ಸೀಲ್, ಲೂಪ್, ಕೂಲಿ ಎಲ್ಲ ಸೇರಿ 850 ಡಾಲರ್. ಮೊದಲಿನದ್ದೂ ಕೂಡಿಸಿದರೆ 1,960. (2015ರಿಂದ ಬಂದ ಮಸ್ಟಾಂಗ್‌ಗೆ ಹಿಂದಿನ ಎರಡು ಚಕ್ರ ಬೇರೆ ಬೇರೆಯಾಗಿ ಏರಿಳಿಯುವ ಇಂಡಿಪೆಂಡೆಂಟ್ ಸಸ್ಪೆನ್ಷನ್. ಅದಕ್ಕೆ ಈ ಆರ್ಮ್ ಉಪಾಯ ನಡೆಯಲ್ಲ.) ಈಗ 85ರಲ್ಲೂ ಗುಂಯ್ ಇಲ್ಲ. ಅಲ್ಯೂಮಿನಿಯಂ ಕೊಳವೆ ಆಕ್ಸಲ್ ಗೇರಿನ ಸದ್ದನ್ನು ಸ್ವಲ್ಪ ಜಾಸ್ತಿ ಒಳಗೆ ತರುತ್ತದೆ, ಅಷ್ಟೇ.

ಇನ್ನೊಂದು. ನನ್ನ ಹಳೇ ಶಾಫ್ಟ್ ಎಲ್ಲಿ ಅಂತ ಮೊದಲ ಗ್ಯಾರೇಜಿನವನನ್ನು ಕೇಳಿದರೆ, "ಅವತ್ತೇ ಗುಜರಿಗೆ ಹಾಕಿದೆ" ಅಂದ. ಅದು ಕೈಯಲ್ಲಿದ್ದಿದ್ದರೆ ಮೊದಲ ವಾರವೇ ವಾಪಸ್ ಹಾಕಿ ನೋಡಿ, ತೊಂದರೆ ಯಾವುದರಿಂದ ಅಂತ ತಿಳಿಯಬಹುದಿತ್ತು. ನಿಮ್ಮ ಹಳೇ ಶಾಫ್ಟನ್ನು ಡಿಕ್ಕಿಯಲ್ಲಿ ಹಾಕಿಸಿಕೊಂಡೇ ಅಲ್ಲಿಂದ ಹೊರಡಿ.