ಎಕನಾಮಿಕ್ಸ್ ಡಿಗ್ರಿಗೆ ಕಾಲೇಜು ಹುಡುಕುತ್ತಿದ್ದೀರಾ? ಗೈಡೆನ್ಸ್ ಆಫೀಸಿನವರ ಪಟ್ಟಿ ನಂಬಬೇಡಿ

ಮಕ್ಕಳ ಪಿಯುಸಿ ಮುಗಿಯಿತು, ಬೆಂಗಳೂರಲ್ಲಿ ಎಕನಾಮಿಕ್ಸ್ ಎಲ್ಲಿ ಚೆನ್ನಾಗಿದೆ ಅಂತ ವಿಚಾರಿಸುತ್ತಿರುವವರು ದಯವಿಟ್ಟು ಓದಿ. ವಿಜಯನಗರದ ಒಂದು ಅಡ್ಮಿಷನ್ ಗೈಡೆನ್ಸ್ ಆಫೀಸಿನವರು ನಮಗೆ ಮಾಡಿದ್ದು ಇನ್ನೊಬ್ಬರಿಗೆ ಆಗಬಾರದು.

ಕಾಲೇಜುಗಳನ್ನು ಹೋಲಿಸಿ ಒಂದು ಪಟ್ಟಿ ಕೊಟ್ಟರು. ಬಣ್ಣದ ಪ್ರಿಂಟು, ಲ್ಯಾಮಿನೇಷನ್ ಬೇರೆ. ಹೆಸರಿರುವ ವಿಶ್ವವಿದ್ಯಾಲಯಗಳಿಗೆಲ್ಲ ಒಂದೊಂದು ಕೊಂಕು. ಒಂದು ದೂರ, ಇನ್ನೊಂದಕ್ಕೆ ಫೀಸು ಜಾಸ್ತಿ. ಜ್ಞಾನಭಾರತಿ ಕಡೆ ಇರುವ ಅಂಬೇಡ್ಕರ್ ಸ್ಕೂಲ್ ಆಫ್ ಎಕನಾಮಿಕ್ಸ್ ಪಟ್ಟಿಯಲ್ಲೇ ಇರಲಿಲ್ಲ. 2017ರಲ್ಲಿ ನಮ್ಮ ಸರ್ಕಾರ ಎಕನಾಮಿಕ್ಸ್‌ಗೆಂದೇ ಶುರು ಮಾಡಿದ ಸಂಸ್ಥೆ ಅದು! ಯಾಕಿಲ್ಲ ಅಂತ ಕೇಳಿದೆ. "ಮೇಡಂ, ಅದಕ್ಕೆ ಸಿಯುಇಟಿ ಅಂತ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆ ಬರೀಬೇಕು. ಮಗೂಗೆ ಸುಮ್ನೆ ಯಾಕೆ ಟೆನ್ಷನ್?" ಆಗ ಸಿಯುಇಟಿಗೆ ಅರ್ಜಿ ಹಾಕಲು ಟೈಮ್ ಇತ್ತು. ಇನ್ನೂ ಟೈಮ್ ಇತ್ತು!

ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲಿದ್ದದ್ದು ಒಂದು ಖಾಸಗಿ ಕಾಲೇಜು. "4 ವರ್ಷದ ಎಕನಾಮಿಕ್ಸ್ ಆನರ್ಸ್" ಅಂತ ದಪ್ಪಕ್ಷರದಲ್ಲಿ. ಸೀಟ್ ಬ್ಲಾಕ್ ಮಾಡ್ತೀವಿ ಅಂತ ದುಡ್ಡು ಕಟ್ಟಿಸಿಕೊಂಡರು, ಅವರ ಆಫೀಸಿನ ಹೆಸರಿಗೇ.

ಕಾಲೇಜಿನ ಕೌಂಟರಿನಲ್ಲಿ ಕ್ಲರ್ಕ್ ಆ ಪಟ್ಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಇದನ್ನ ಯಾರಮ್ಮ ಕೊಟ್ಟಿದ್ದು? ಇಲ್ಲಿ ಆನರ್ಸ್ ಇಲ್ಲ. 3 ವರ್ಷದ ಬಿಎ. ಮೂರು ವಿಷಯದಲ್ಲಿ ಎಕನಾಮಿಕ್ಸೂ ಒಂದು, ಅಷ್ಟೇ." ಹಿಂದೆ ಸಾಲಿನಲ್ಲಿದ್ದವರೆಲ್ಲ ನಮ್ಮನ್ನೇ ನೋಡುತ್ತಿದ್ದರು. ಮಗಳು ತಲೆ ಎತ್ತಲಿಲ್ಲ. ನನಗೆ ನಿಂತಲ್ಲೇ ಭೂಮಿ ಬಾಯಿ ಬಿಡಬಾರದಾ ಅನ್ನಿಸಿತು. 2024-25ರಿಂದ ನಮ್ಮ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ, ಅವುಗಳ ಕೆಳಗಿನ ಕಾಲೇಜುಗಳಲ್ಲಿ ಮತ್ತೆ 3 ವರ್ಷದ ಪದವಿ ಬಂದಿದೆ. ದಿನಾ ಅಡ್ಮಿಷನ್ ಮಾಡಿಸುವವರಿಗೆ ಇದು ಗೊತ್ತಿರಲಿಲ್ವಾ?

ಫೋನ್ ಮಾಡಿದರೆ "ಅದು ಹಳೇ ಪ್ರಿಂಟ್ ಮೇಡಂ". ದುಡ್ಡು ವಾಪಸ್ ಕೊಡಿ ಅಂದರೆ "ನೀವೇ ಸೈನ್ ಹಾಕಿದೀರಲ್ಲ". ಮತ್ತೆ ಮಾಡಿದರೆ "ಸರ್ ಮೀಟಿಂಗಲ್ಲಿದಾರೆ". ಆಮೇಲೆ ನನ್ನ ನಂಬರನ್ನೇ ಬ್ಲಾಕ್ ಮಾಡಿದರು. ಮಗಳಿಗೆ ಮಾತ್ರ ಒಂದು ಮೆಸೇಜ್ ಬಂತು: "ಡಿಗ್ರಿ ಯಾವುದಾದ್ರೇನಮ್ಮ, ಕೆಲಸ ಸಿಕ್ಕರೆ ಸಾಲದಾ?" ಸಾಲದು ಸ್ವಾಮಿ! ಅವಳಿಗೆ ಮುಂದೆ ಎಂಎ ಎಕನಾಮಿಕ್ಸ್ ಮಾಡಬೇಕು. ಅದಕ್ಕೆ ಗಣಿತ, ಸಂಖ್ಯಾಶಾಸ್ತ್ರ, ಅವೆರಡನ್ನೂ ಆರ್ಥಿಕ ಅಂಕಿಅಂಶಗಳಿಗೆ ಬಳಸುವ ಎಕನಾಮೆಟ್ರಿಕ್ಸ್ ಗಟ್ಟಿಯಾಗಿರಬೇಕು. ಒಂದು ವರ್ಷ ಹಾಳು ಮಾಡಿ ಈ ಮಾತು ಹೇಳಲು ಬಾಯಾದರೂ ಹೇಗೆ ಬರುತ್ತದೆ?

ಯಾರ ಪಟ್ಟಿಯನ್ನೂ ನಂಬಬೇಡಿ. ಕಾಲೇಜಿಗೆ ನೀವೇ ಹೋಗಿ, ಆರೂ ಸೆಮಿಸ್ಟರಿನ ಸಿಲಬಸ್ ಕೇಳಿ ನೋಡಿ. ಪದವಿ ಯಾವ ವಿಶ್ವವಿದ್ಯಾಲಯ ಕೊಡುತ್ತದೆ ಅಂತ ಬರಹದಲ್ಲಿ ಪಡೆಯಿರಿ. ದುಡ್ಡನ್ನು ಕಾಲೇಜಿನ ಖಾತೆಗೇ ಕಟ್ಟಿ. ಸೀಟು ಬಿಟ್ಟರೆ ಕಾಲೇಜು ಎಷ್ಟು ವಾಪಸ್ ಕೊಡಬೇಕು ಅಂತ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ನಿಯಮ ಇದೆ. ಈ ಮಧ್ಯವರ್ತಿಗಳು ಆ ನಿಯಮಕ್ಕೆ ಸಿಗುವುದಿಲ್ಲ, ಅದಕ್ಕೇ ಅವರಿಗೆ ಇಷ್ಟು ಧೈರ್ಯ. ಒರಿಜಿನಲ್ ಮಾರ್ಕ್ಸ್ ಕಾರ್ಡ್ ಅಂತೂ ಯಾರ ಕೈಗೂ ಕೊಟ್ಟು ಬರಬೇಡಿ.

ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಆ ಪಟ್ಟಿ, ರಸೀದಿ, ಮೆಸೇಜ್ ಎಲ್ಲ ಇಟ್ಟುಕೊಂಡಿದ್ದೇನೆ. ವಿಜಯನಗರದಲ್ಲಿ ಹೀಗೇ ದುಡ್ಡು ಕೊಟ್ಟು ಕೂತವರು ಯಾರಾದರೂ ಇದ್ದರೆ ತಿಳಿಸಿ, ಎಲ್ಲರೂ ಸೇರಿ ಹೋಗಿ ಕೇಳೋಣ.